ಹೆಬ್ಬಲಸಿನ ದೋಣಿಯ ಮೊದಲ ಮೀನು

ಕಾಳುಮೆಣಸು ಕೊಳ್ಳುವ ಮೊದಲು ನಾವು ಒಂದು ಹಿಡಿ ನೀರಿಗೆ ಹಾಕಿ ನೋಡುತ್ತೇವೆ. ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ವಿರಾಜಪೇಟೆಯಲ್ಲಿ ಒಣಮೀನು ಮಾರುತ್ತಿದ್ದ ಮುತ್ತಿಯನ್ನು ಹಾಗೆ ಪರೀಕ್ಷಿಸಿದ್ದರೆ ನೇರ ತಳ ಸೇರುತ್ತಿದ್ದಳು. ಗಾತ್ರ ಸಣ್ಣದು, ಬಣ್ಣ ಕಪ್ಪು, ಖಾರ ಜಾಸ್ತಿ. ಎಷ್ಟು ಮಳೆಗಾಲ ಕಂಡರೂ ಬೂಷ್ಟು ಹಿಡಿಯದ ಮಾಲು. ದೋಷವೆಂದರೆ ವಾಸನೆಯೊಂದೇ. ಅವಳ ಬುಟ್ಟಿ ಕೂರುತ್ತಿದ್ದದ್ದು ನನ್ನ ಅಂಗಡಿಯ ಎದುರಿಗೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಗಾಳಿಯ ದಿಕ್ಕು ನೋಡಿ ಊದುಬತ್ತಿ ಹಚ್ಚುತ್ತಿದ್ದೆ.

"ಸಾವ್ಕಾರ್ರೇ, ಇವತ್ತು ಎರಡು ಕಡ್ಡಿ ಹಚ್ಚಿದ್ರಲ್ಲ! ನನ್ನ ವ್ಯಾಪಾರ ಜೋರುಂಟು ಅಂತ ಊರಿಗೆಲ್ಲ ಗೊತ್ತಾಯ್ತು," ಎನ್ನುತ್ತಿದ್ದಳು.

ಅವಳ ತವರು ಕಣ್ಣೂರಿನ ಆಚೆ, ಕಡಲ ದಂಡೆಯ ಒಂದು ಮೀನುಗಾರರ ಕೇರಿ. ಒಂದು ವರ್ಷ ಬಿರುಗಾಳಿ ಎರಡು ಸಲ ಬಂದು ಅಲ್ಲಿನ ಮನೆ, ಬಲೆ, ದೋಣಿಗಳನ್ನೆಲ್ಲ ನುಂಗಿತು. ಅದೇ ಗಾಳಿ ಘಟ್ಟ ಹತ್ತಿ ಮಾಕುಟ್ಟದ ಬಳಿ ನಾನು ಕೊಂಡಿದ್ದ ದೊಡ್ಡ ಹೆಬ್ಬಲಸಿನ ಮರವನ್ನೂ ಕೆಡವಿತು. ಒಳಗೆಲ್ಲ ಟೊಳ್ಳು. ಗರಗಸದವರು ನೋಡಿ ತಲೆಯಾಡಿಸಿ ಹೋದರು.

"ಅದನ್ನ ನನಗೆ ಕೊಡಿ," ಎಂದಳು ಮುತ್ತಿ.

"ಹೊಟ್ಟೆ ಖಾಲಿ ಕಣೇ. ತಗೊಂಡು ಏನ್ ಮಾಡ್ತೀಯಾ?"

"ದೋಣಿಯ ಹೊಟ್ಟೆ ಖಾಲಿಯೇ ಇರ್ಬೇಕಲ್ಲ ಸಾವ್ಕಾರ್ರೇ!"

ಹೇಗೂ ಗೆದ್ದಲು ತಿನ್ನುವ ಮರ. ಕೊಟ್ಟರೆ ಇವಳ ಬಾಯಾದರೂ ಮುಚ್ಚೀತು ಎಂದು ಕೊಟ್ಟುಬಿಟ್ಟೆ. ಆ ಲೆಕ್ಕ ತಪ್ಪಿತು. ಶಿವರಾತ್ರಿ ಕಳೆದ ಮೇಲೆ ಮತ್ತೆ ಬಂದಳು.

"ದೋಣಿ ಆಗಿದೆ. ನೀವು ಬರ್ಬೇಕು. ಮರ ಕೊಟ್ಟವರು ಮೊದಲ ಮೀನು ಕೈಯಾರೆ ತಕ್ಕೊಳ್ಳದಿದ್ರೆ ದೋಣಿ ಎರಡನೇ ಸಲ ನೀರಿಗಿಳಿಯಲ್ಲ. ನಮ್ಮಲ್ಲಿ ಹಾಗೆ. ಇಡೀ ಕೇರಿಗೆ ಇರುವುದು ಅದೊಂದೇ."

"ನಾನು ಮೀನು ಮುಟ್ಟೋದುಂಟೇನೇ?"

"ಸಮುದ್ರ ನೋಡಿಲ್ಲವಲ್ಲ, ನೋಡ್ಲಿಕ್ಕೆ ಬನ್ನಿ. ಉಳಿದದ್ದು ಅಲ್ಲಿ ನೋಡುವ."

ಆಗ ಕೊಡಗು ಬೇರೆಯೇ ರಾಜ್ಯ. ಮಾಕುಟ್ಟದ ಸೇತುವೆ ದಾಟಿದರೆ ಮದ್ರಾಸು ರಾಜ್ಯ. ಬಸ್ಸು ಘಟ್ಟ ಇಳಿಯುವಾಗ ತೂಕಡಿಕೆ ಹತ್ತಿತು. ಮರುದಿನ ಬೆಳಿಗ್ಗೆ ಅವಳ ಹಿಂದೆ ಮರಳಿನಲ್ಲಿ ನಡೆಯುವಾಗಲೂ ಅದು ಪೂರ್ತಿ ಬಿಟ್ಟಿರಲಿಲ್ಲ. ಎದುರಿಗೆ ಕಂಡದ್ದು ಮಂಜು ತುಂಬಿದ ಕಣಿವೆ ಎಂದುಕೊಂಡೆ. ಬಿಸಿಲೇರಿದರೂ ಅದು ಕರಗಲಿಲ್ಲ. ಸಮುದ್ರ ಎಂದರೆ ಅದೇ ಎಂದು ಆಮೇಲೆ ತಿಳಿಯಿತು.

ತೆಂಗಿನಮರಗಳು ತಲೆಯಿಲ್ಲದೆ ನಿಂತಿದ್ದವು. ಗರಿ ಹೆಣೆದ ಮಡಲಿನ ಹೊಸ ಗೋಡೆಗಳು ಇನ್ನೂ ಹಸಿರಾಗಿದ್ದವು. ಗೋಡೆಯೇ ಹೋದ ಮನೆಯ ಹೊಸ್ತಿಲನ್ನು ಒಬ್ಬಾಕೆ ನಿಧಾನವಾಗಿ ಗುಡಿಸುತ್ತಿದ್ದಳು. ಗಾಳಿ ಅಷ್ಟೇ ನಿಧಾನವಾಗಿ ಮರಳನ್ನು ಮರಳಿ ತರುತ್ತಿತ್ತು. ಇಬ್ಬರಿಗೂ ಅವಸರವಿರಲಿಲ್ಲ.

ದಂಡೆಯ ಮೇಲೆ ನನ್ನ ಹೆಬ್ಬಲಸು ಮಲಗಿತ್ತು. ಬಗ್ಗಿ ಮೂಸಿದೆ. ಮೀನೆಣ್ಣೆಯ ಕೆಳಗೆ ನಮ್ಮ ಘಟ್ಟದ ಮಳೆಯ ವಾಸನೆ ಇನ್ನೂ ಇತ್ತು. ಮುತ್ತಿಯ ತಮ್ಮ ಚಾತು ಮತ್ತು ಮೂವರು ಅದನ್ನು ನೀರಿಗೆ ತಳ್ಳಿದರು. ಹಕ್ಕಿ ಕೂರುತ್ತಿದ್ದ ಮರ, ಹಕ್ಕಿಯಂತೆಯೇ ಬೆಳಕಿನೊಳಗೆ ಹೋಯಿತು. ಸರಕು ಕೈಬಿಟ್ಟು ಹೋಗುವುದನ್ನು ನಾನು ಅಷ್ಟು ಹೊತ್ತು ನೋಡುತ್ತ ನಿಂತದ್ದಿಲ್ಲ.

ಮಧ್ಯಾಹ್ನ ದೋಣಿ ಮರಳಿ ಬಂತು. ಚಾತು ಬೊಗಸೆಯಲ್ಲಿ ಒಂದು ಬಂಗುಡೆ ಹಿಡಿದು ನನ್ನ ಮುಂದೆ ನಿಂತ. ಮೀನು ಇನ್ನೂ ಮಿಸುಕುತ್ತಿತ್ತು. ಕೇರಿಯೆಲ್ಲ ನನ್ನ ಕೈ ನೋಡುತ್ತಿತ್ತು. ನನ್ನ ಕೈ ಬೆನ್ನ ಹಿಂದಿತ್ತು.

ಮುತ್ತಿ ಕೇರಿಯ ಹಿರಿಯನ ಕಡೆ ತಿರುಗಿ ಅವರ ಮಾತಿನಲ್ಲಿ ಏನೋ ಕೇಳಿದಳು. ಅವನು ಗಡ್ಡ ಕೆರೆದುಕೊಂಡು ಉತ್ತರ ಕೊಟ್ಟ.

"ಏನಂತೆ?" ಎಂದೆ.

"ಅಣ್ಣನ ಪರವಾಗಿ ತಂಗಿ ತಕ್ಕೊಳ್ಳಬಹುದಂತೆ. ಆದ್ರೆ ತಂಗಿ ಅಂತ ನಿಮ್ಮ ಬಾಯಲ್ಲೇ ಬರ್ಬೇಕಂತೆ." ಮೊದಲ ಬಾರಿಗೆ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. "ಸುಮ್ನೆ ಅಂದ್ರೆ ಆಗಲ್ಲ ಸಾವ್ಕಾರ್ರೇ. ಕಡಲು ಕೇಳ್ತದೆ."

ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಮ್ಮಲ್ಲಿ ಹಿಂದಕ್ಕೆ ಪಡೆಯುವಂತಿಲ್ಲ. ಇಲ್ಲಿ ಇಡೀ ಕೇರಿಯಿತ್ತು, ಜೊತೆಗೆ ಆ ಕರಗದ ಮಂಜು.

"ಹೌದು," ಎಂದೆ. "ಮುತ್ತಿ ನನ್ನ ತಂಗಿ."

ಅವಳು ಸೆರಗೊಡ್ಡಿದಳು. ಮೀನು ಬಿತ್ತು. ಯಾರೋ ನಕ್ಕರು, ಯಾರೋ ಅತ್ತರು. ಚಾತು ಆಗಲೇ ದೋಣಿಗೆ ಹೆಗಲು ಕೊಟ್ಟಿದ್ದ. ಅದು ಎರಡನೇ ಸಲ ನೀರಿಗಿಳಿಯಿತು.

ಬಸ್ಸಿನಲ್ಲಿ ಅವಳು ಬುಟ್ಟಿಸಮೇತ ನನ್ನ ಪಕ್ಕದಲ್ಲೇ ಕೂತಳು. ನಾನು ಮೂಗಿಗೆ ವಸ್ತ್ರ ಹಿಡಿದೆ.

"ತಂಗಿ ಅಂದ ಮೇಲೆ ಇದೆಲ್ಲ ಉಂಟು ಅಣ್ಣಾ," ಎಂದಳು. "ಗೌರಿ ಹಬ್ಬವೂ ಬರ್ತದೆ, ಮರೀಬೇಡಿ."

ಘಟ್ಟದ ಮಂಜಿನೊಳಗೆ ಬಸ್ಸು ಏರುತ್ತಿತ್ತು. ಅದೂ ಸಮುದ್ರದಂತೆಯೇ ಕಂಡಿತು.

ಕಡಲ ಮುಂದೆ ಆಡಿದ ಮಾತು; ಇನ್ನು ಮುತ್ತಿ ಇರುವವರೆಗೆ, ಪ್ರತಿ ಗೌರಿ ಹಬ್ಬಕ್ಕೆ ನಾನು ಅವಳಿಗೆ ತವರಿನ ಬಾಗಿನ ಕೊಡಬೇಕು.