ಕ್ಷೌರಿಕ ಲೆಯಾಂದ್ರ ಹಚ್ಚಿಕೊಂಡ ಎರಡು ಮುಲಾಮು

ನಮ್ಮ ಕಾರಕೆಟ್ ಬಂದರಿನ ಮೀನುಗಾರರಲ್ಲಿ ಲೆಯಾಂದ್ರನ ಕತ್ತರಿಗೆ ತಲೆಯೊಡ್ಡದವರು ಕಡಿಮೆ. ನಾನಂತೂ ಶನಿವಾರಕ್ಕೊಮ್ಮೆ ಅವನ ಅಂಗಡಿಯಲ್ಲಿ ಹಾಜರು. ನಲವತ್ತಾರನೇ ವಯಸ್ಸಿಗೆ ಅವನ ಎರಡೂ ಕೈಗೆ ಇಸುಬು ಹತ್ತಿತು. ಬೆರಳ ಸಂದಿಗಳು ಬಿರಿದು ನೀರು ಒಸರತೊಡಗಿತು. ಗಿರಾಕಿಗಳು ಬಾಗಿಲಲ್ಲೇ ನಿಂತು, "ಇವತ್ತು ಬೇಡ ಬಿಡು, ಮುಂದಿನ ವಾರ ಬರ್ತೀನಿ" ಎಂದು ತಿರುಗಿ ಹೋಗುತ್ತಿದ್ದರು. ಚರ್ಚಿನಲ್ಲಿ ಒಬ್ಬರಿಗೊಬ್ಬರು ಕೈಕುಲುಕಿ ಶಾಂತಿ ಕೋರುವ ಹೊತ್ತಿಗೆ ಪಕ್ಕದವರು ಅವನಿಗೆ ತಲೆಯಷ್ಟೇ ಆಡಿಸುತ್ತಿದ್ದರು. ಒಂದು ಭಾನುವಾರ ನಾನೂ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಅವನು ನೋಡಿದ, ನೋಡದವನಂತೆ ಮುಖ ತಿರುಗಿಸಿಕೊಂಡ.

ಆ ಚಳಿಗಾಲ ಪಕ್ಕದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹೊಸ ಔಷಧದ ಪರೀಕ್ಷೆ ನಡೆಯುತ್ತಿತ್ತು. ಲೆಯಾಂದ್ರ ಹೆಸರು ಕೊಟ್ಟ. ಓಡೆಟ್ ಎಂಬ ನರ್ಸ್ ಅವನ ಕೈಗಳ ಫೋಟೊ ತೆಗೆದು ಒಂದು ಟ್ಯೂಬು ಕೊಟ್ಟಳು.

"ಅರ್ಧ ಜನರ ಟ್ಯೂಬಲ್ಲಿ ಔಷಧಿ ಇದೆ, ಇನ್ನರ್ಧ ಜನರದ್ದು ಬರೀ ಕ್ರೀಮು. ನಿಮ್ಮದು ಯಾವುದು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದೇ ಮಾತು, ಬೇರೆ ಏನೂ ಹಚ್ಚಬಾರದು. ಮನೆಮದ್ದೂ ಕೂಡ."

ಲೆಯಾಂದ್ರ ಸಹಿ ಹಾಕಿದ.

ಮೂರು ವಾರ ಕಳೆದರೂ ಗುಣ ಕಾಣಲಿಲ್ಲ. ಹೆಂಡತಿ ಸತ್ತ ಮೇಲೆ ಅವನ ಜೊತೆಗಿದ್ದವಳು ಹೆಂಡತಿಯ ತಾಯಿ, ಅತ್ತೆ ಜೆಲಿಕಾ ಒಬ್ಬಳೇ. ಮಾರ್ಚಿನಲ್ಲಿ ಹಿಮ ತುಳಿದು ಹೋಗಿ ಪೋಪ್ಲರ್ ಮರದ ಅಂಟುಮೊಗ್ಗು ಕಿತ್ತು ತಂದು, ಹಂದಿಕೊಬ್ಬಿನಲ್ಲಿ ಕುದಿಸಿ ಮುಲಾಮು ಮಾಡುವುದು ಅವಳ ತಾಯಿಯ ಕಾಲದಿಂದ ಬಂದದ್ದು. ಆ ಭರಣಿಯನ್ನು ಅವನ ಮುಂದಿಟ್ಟಳು.

"ಆಸ್ಪತ್ರೆಯವರು ಬೇಡ ಅಂದಿದ್ದಾರೆ ಅತ್ತೆ."

"ನಿನ್ನ ಕೈ ಉರಿಯುವಾಗ ಆಸ್ಪತ್ರೆಯವರು ಬಂದು ಊದ್ತಾರಾ? ಚಾಚು."

ಚಾಚಿದ. ಅಂದಿನಿಂದ ಪ್ರತಿ ಸಂಜೆ ಊಟದ ಮೇಜಿನ ಮೇಲೆಯೇ ಅವಳು ಅವನ ಒಂದೊಂದು ಬೆರಳಿಗೂ ಹಚ್ಚಿದಳು. ಅವನು ಟ್ಯೂಬನ್ನೂ ಬಿಡಲಿಲ್ಲ. ಮುಂದಿನ ಭೇಟಿಯಲ್ಲಿ ಓಡೆಟ್ ಮೂಗರಳಿಸಿ, "ಏನೋ ಒಳ್ಳೆ ವಾಸನೆ" ಎಂದಾಗ, "ಗಡ್ಡಕ್ಕೆ ಹಚ್ಚೋ ಲೋಷನ್ನು" ಎಂದ. ಎರಡು ತಿಂಗಳಿಗೆ ಕೈ ನುಣುಪಾಯಿತು.

ಗಿರಾಕಿಗಳು ಹಿಂತಿರುಗಿದರು. ಒಂದು ಶನಿವಾರ ದೋಣಿಯ ಫಿಡೆಲ್ ಕುರ್ಚಿಯಲ್ಲಿ ಕೂತು ಕೇಳಿದ, "ಕೈ ಮಗುವಿನ ಕೈಯ ಹಾಗಿದೆಯಲ್ಲೋ. ಮುದುಕಿ ಮುಲಾಮಾ?"

ಜೆಲಿಕಾ ಕಿಟಕಿ ಪಕ್ಕದಲ್ಲೇ ಕಾಲುಚೀಲ ಹೆಣೆಯುತ್ತಿದ್ದಳು. ಸುದ್ದಿ ಆಸ್ಪತ್ರೆಗೆ ಮುಟ್ಟೀತೆಂಬ ಭಯಕ್ಕೆ ಲೆಯಾಂದ್ರ ಗಟ್ಟಿಯಾಗಿ ನಕ್ಕ.

"ಅಯ್ಯೋ, ಅದು ಹಸು ಕೆಚ್ಚಲಿಗೆ ಸರಿ ಮಾರಾಯ. ಇದು ಡಾಕ್ಟರ್ ಔಷಧಿ."

ನಾವೆಲ್ಲ ನಕ್ಕೆವು. ಜೆಲಿಕಾ ಹೆಣಿಗೆಯ ಕುಣಿಕೆಗಳನ್ನು ಎಣಿಸಿ ಮುಂದಿನ ಸಾಲು ಹಿಡಿದಳು. ಆ ಸಂಜೆ ಮೇಜಿನ ಮೇಲೆ ಸೂಪಿತ್ತು, ಬ್ರೆಡ್ಡಿತ್ತು, ಭರಣಿ ಇರಲಿಲ್ಲ. ಟ್ಯೂಬಿನದನ್ನಷ್ಟೇ ಹಚ್ಚಿಕೊಂಡು ಮಲಗಿದೆ ಎಂದು ಆಮೇಲೆ ನನಗೆ ಹೇಳಿದ.

ಸೋಮವಾರ ಅಂಗಡಿ ಮುಚ್ಚಿ ಆಸ್ಪತ್ರೆಗೆ ಹೋದ. ಓಡೆಟ್ ಎದುರು ನಿಂತು, ಅವಳ ಮುಖ ನೋಡದೆ ಎಲ್ಲ ಒಪ್ಪಿಕೊಂಡ. ಅವಳು ಬೈಯಲಿಲ್ಲ. ಅವನ ಹೆಸರಿನ ಹಾಳೆಗಳನ್ನು ತೆಗೆದು ಒಂದೊಂದರ ಮೇಲೂ ಅಡ್ಡಗೆರೆ ಎಳೆದಳು.

"ಔಷಧಿ ಬಿಟ್ಬಿಡ್ತೀನಿ ಅಂತಿದ್ದ ಒಬ್ಬಾಕೆಗೆ ನಿಮ್ಮ ಕೈ ವಿಚಾರ ಹೇಳಿ ಬಿಡದ ಹಾಗೆ ಒಪ್ಪಿಸಿದ್ದೆ," ಎಂದಳು. "ಈಗ ಆಕೆಗೆ ಏನು ಹೇಳ್ಲಿ?"

ಲೆಯಾಂದ್ರ ಮನೆಗೆ ಬಂದವನೇ ಅತ್ತೆಗೆ ಹೇಳಿದ, "ಅವತ್ತು ಅಂಗಡೀಲಿ ನಾನು ಆಡಿದ್ದು ತಪ್ಪು."

"ಹಸೂಗೂ ಹಚ್ತಾರೆ, ಅದೇನು ಸುಳ್ಳಲ್ಲ," ಎಂದಳು ಜೆಲಿಕಾ. "ಆದ್ರೆ ನೀನು ನಕ್ಕೆಯಲ್ಲ, ಅದು ಬೇಡವಾಗಿತ್ತು."

ಪರೀಕ್ಷೆಯೆಲ್ಲ ಮುಗಿದ ಮೇಲೆ ಆಸ್ಪತ್ರೆಯಿಂದ ಪತ್ರ ಬಂತು. ಅವನ ಟ್ಯೂಬಿನಲ್ಲಿದ್ದದ್ದು ನಿಜವಾದ ಔಷಧವೇ. ಅವನು ಓದಿ ಹೇಳಿದಾಗ ಜೆಲಿಕಾ ಕೇಳಿದಳು, "ಹಾಗಾದ್ರೆ ಯಾವುದರಿಂದ ವಾಸಿ ಆಯ್ತು?"

"ಗೊತ್ತಿಲ್ಲ ಅತ್ತೆ. ಔಷಧಿಯಿಂದಲೋ ನಿಮ್ಮ ಮುಲಾಮಿನಿಂದಲೋ, ಡಾಕ್ಟರಿಗೂ ಹೇಳೋಕಾಗಲ್ಲವಂತೆ. ನಾನೇ ನಿಮ್ಮಿಬ್ಬರ ಹೆಸರೂ ಕೆಡಿಸಿದೆ."

"ನನಗೂ ಗೊತ್ತಾಗಬೇಕಿತ್ತು," ಎಂದಳು ಅವಳು. ತನ್ನ ತಾಯಿಯ ಮುಲಾಮನ್ನು ಯಾರಾದರೂ ಸರಿಯಾಗಿ ಪರೀಕ್ಷಿಸಲಿ ಎಂಬ ಆಸೆ ಅವಳಿಗಿತ್ತೆಂದು ಅವನಿಗೆ ತಿಳಿದದ್ದು ಆಗಲೇ.

ಮುಂದಿನ ಶನಿವಾರ, ಯಾರೂ ಕೇಳದಿದ್ದರೂ, ಫಿಡೆಲನ ಕೂದಲು ಬಾಚುತ್ತ ಲೆಯಾಂದ್ರ ಇದೆಲ್ಲವನ್ನೂ ನಮ್ಮೆದುರು ಹೇಳಿದ. ಕಿವಿಯವರೆಗೂ ಕೆಂಪೇರಿದ್ದ. ಯಾರೂ ನಗಲಿಲ್ಲ. ಕೂದಲು ಕತ್ತರಿಸಿ ಮುಗಿದಾಗ ನಾನು ಎದ್ದು ಅವನ ಕೈ ಹಿಡಿದು ಕುಲುಕಿದೆ. ಅಷ್ಟು ಹೊತ್ತಿಗೆ ಅದು ವಾಸಿಯಾದ ಕೈ, ಹಾಗಾಗಿ ಅದರಲ್ಲಿ ನನ್ನ ದೊಡ್ಡತನವೇನೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.