ಕೆರಿಯಮ್ಮನ ಅಂಗೈಗೆ ಗೊತ್ತಿದ್ದದ್ದು

ಸಾಗರದ ನಮ್ಮ ಕಮಿಟಿ ಆಸ್ಪತ್ರೆಯಲ್ಲಿ ಹಾಸಿಗೆಗಳಿಗಿಂತ ಹೆಸರಿನ ಕಲ್ಲುಗಳೇ ಜಾಸ್ತಿ ಇದ್ದವು. ಹಾಸಿಗೆ ಹನ್ನೆರಡು, ಕಲ್ಲು ಹತ್ತೊಂಬತ್ತು. ಬಾಗಿಲು ಕೊಟ್ಟವರು, ಕಿಟಕಿ ಕೊಟ್ಟವರು, ನೀರಿನ ತೊಟ್ಟಿ ಕಟ್ಟಿಸಿದವರು, ಏನೋ ಕೊಡುತ್ತೇನೆಂದು ಸಭೆಯಲ್ಲಿ ಎದ್ದು ನಿಂತು ಹೇಳಿ ಆಮೇಲೆ ಮರೆತವರು, ಎಲ್ಲರ ಹೆಸರೂ ಗೋಡೆಯ ಮೇಲಿತ್ತು. ಹದಿನಾಲ್ಕು ವರ್ಷ ಅಲ್ಲಿ ದುಡಿದ ಕೆರಿಯಮ್ಮನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೂಡ ಅವಳು ಬರೀ 'ಆಯಾ, ತಾತ್ಕಾಲಿಕ.' ಹಾಗೆ ಬರೆದವನು ನಾನೇ. ಹೈಸ್ಕೂಲಿನಲ್ಲಿ ಪಾಠ ಹೇಳುವುದರ ಜೊತೆಗೆ ಆ ಕಮಿಟಿಯ ಸಹಕಾರ್ಯದರ್ಶಿಯೂ ಆಗಿದ್ದೆ. ಸಭೆಗೆ ಕಾಫಿ ತರಿಸುವುದು, ನಡಾವಳಿ ಬರೆಯುವುದು ನನ್ನ ಕೆಲಸ. ಎರಡನ್ನೂ ಚೆನ್ನಾಗಿ ಮಾಡುತ್ತೇನೆಂದು ನನಗೆ ಹೆಮ್ಮೆಯಿತ್ತು.

ಕೆರಿಯಮ್ಮ ಬ್ಯಾಕೋಡಿನ ಕಡೆಯವಳು. ಗದ್ದೆ ಅಣೆಕಟ್ಟಿನ ಹಿನ್ನೀರಿನಡಿ ಹೋಗಿತ್ತು, ಗಂಡ ಜ್ವರದಲ್ಲಿ ಹೋಗಿದ್ದ. ಎಪ್ಪತ್ತೊಂದರಲ್ಲಿ, ಎರಡು ವರ್ಷದ ಮಗಳು ಮೀನಾಕ್ಷಿಯನ್ನು ಅಣ್ಣನ ಮನೆಯಲ್ಲಿ ಬಿಟ್ಟು ಲಾಂಚು ಹತ್ತಿ ಸಾಗರಕ್ಕೆ ಬಂದಳು. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಲಗುತ್ತಿದ್ದಳು. ಹಿಂದುಗಡೆ ಒಂದು ಕೋಣೆ, ಒಂದು ಒಲೆಯ ಕ್ವಾರ್ಟರ್ಸು ಖಾಲಿ ಬಿದ್ದಿತ್ತು. ಅದು ಖಾಯಂ ನೌಕರರಿಗೆ ಮಾತ್ರ ಎಂದು ನಿಯಮ. ಖಾಯಂ ಆದರೆ ಆ ಕೋಣೆ, ಆ ಕೋಣೆ ಸಿಕ್ಕರೆ ಮಗಳು. ಅವಳ ಲೆಕ್ಕಾಚಾರ ಅಷ್ಟೇ ಇತ್ತು.

ನಮ್ಮಲ್ಲಿ ಆಪರೇಷನ್ ಗುರುವಾರ ಮಾತ್ರ. ಸರ್ಜನ್ನು ಶಿವಮೊಗ್ಗದಿಂದ ಬಂದು, ಕೊಯ್ದು, ಹೊಲಿದು, ಸಂಜೆಯ ಬಸ್ಸಿಗೆ ಹೋಗಿಬಿಡುತ್ತಿದ್ದರು. ಮಿಕ್ಕ ಆರು ದಿನ ಕೆರಿಯಮ್ಮನದು. ಬುಧವಾರವೇ ಅವಳ ಕೆಲಸ ಶುರುವಾಗುತ್ತಿತ್ತು: ಎನಿಮಾ ಕೊಡುವುದು, ಕೂದಲು ಬೋಳಿಸುವುದು, ಬಳೆ ತಾಳಿ ಬಿಚ್ಚಿಸಿ ಗಂಟು ಕಟ್ಟಿ ಮನೆಯವರ ಕೈಗೆ ಕೊಡುವುದು, ಎಲ್ಲಕ್ಕಿಂತ ಮುಖ್ಯ, ಖಾಲಿ ಹೊಟ್ಟೆಯಲ್ಲಿಡುವುದು. ನಮ್ಮ ಸೀಮೆಯಲ್ಲಿ ಇದು ಸುಲಭದ ಕೆಲಸವಲ್ಲ. ಕಾಫಿ, ಎಲೆಅಡಿಕೆಯ ಕವಳ ಎರಡನ್ನೂ ನಾವು ತಿಂದದ್ದರ ಪಟ್ಟಿಗೆ ಸೇರಿಸುವುದಿಲ್ಲ. "ಏನೂ ತಿಂದಿಲ್ಲ ಕಣೆ, ಬರೀ ಎರಡು ಲೋಟ ಕಾಫಿ" ಎನ್ನುವವರು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದರು. ಕೆರಿಯಮ್ಮ ಅದಕ್ಕೇ ಯಾರನ್ನೂ ಕೇಳುತ್ತಿರಲಿಲ್ಲ. "ನಾಲಿಗೆ ಹೊರಗೆ ಹಾಕ್ರಾ" ಎನ್ನುತ್ತಿದ್ದಳು. ನಾಲಿಗೆ ಕೆಂಪಗಿದ್ದರೆ ಆ ಗುರುವಾರ ಹೋಯಿತು.

ಆಪರೇಷನ್ ಆದಮೇಲೆ ವಾಂತಿ ಗಂಟಲಿಗೆ ಹೋಗದ ಹಾಗೆ ತಲೆ ಓರೆ ಮಾಡಿ ಹಿಡಿಯುವವಳು ಅವಳು. ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವವಳು, ಕೆಮ್ಮು ಬಂದಾಗ ಹೊಲಿಗೆಯ ಮೇಲೆ ದಿಂಬು ಅದುಮಿ ಹಿಡಿಯುವವಳೂ ಅವಳೇ. ಆಮೇಲೆ ಕಾಯುವುದು. ಹೊಟ್ಟೆ ಕೊಯ್ಸಿಕೊಂಡವರಿಗೆ ಕೆಳಗಿನಿಂದ ಗಾಳಿ ಹೋಗುವ ತನಕ ಒಂದು ಗುಟುಕು ಗಂಜಿಯೂ ಇಲ್ಲ. ಗಾಳಿ ಹೋಯಿತೆಂದರೆ ಕರುಳು ಎಚ್ಚರಾಯಿತು, ಮನುಷ್ಯ ಬದುಕಿದ ಎಂದು ಅರ್ಥ. ನಮ್ಮ ವಾರ್ಡಿನಲ್ಲಿ ಇದು ಒಂದು ಹಬ್ಬವೇ ಆಗಿಬಿಟ್ಟಿತ್ತು. ಕೆರಿಯಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ, "ಆರನೇ ನಂಬರಿಗೆ ಆತು!" ಎಂದು ಕೂಗುವಳು. ಆ ಮನೆಯವರು ಇಡೀ ವಾರ್ಡಿಗೆ ಸಕ್ಕರೆ ಹಂಚುವರು. ಯಾರು ಶುರು ಮಾಡಿದರೋ ಗೊತ್ತಿಲ್ಲ. ಗಂಡು ಹುಟ್ಟಿದರೂ ಅಷ್ಟು ಸಂತೋಷಪಡದ ಜನ ಇದಕ್ಕೆ ಕಣ್ಣಲ್ಲಿ ನೀರು ಹಾಕಿದ್ದನ್ನು ನಾನು ನೋಡಿದ್ದೇನೆ.

ಎಪ್ಪತ್ತೆಂಟರಲ್ಲಿ ನಮ್ಮ ಅಧ್ಯಕ್ಷರಾದ ಶೇಷಪ್ಪಗೌಡರಿಗೇ ಆಪರೇಷನ್ ಆಗಬೇಕಾಯಿತು. ಹೊಸನಗರದ ಕಡೆಯ ದೊಡ್ಡ ಜಮೀನ್ದಾರರು, ಒಂಬತ್ತು ವರ್ಷದಿಂದ ಅಧ್ಯಕ್ಷರು. ಗೋಡೆಯ ಹತ್ತೊಂಬತ್ತು ಕಲ್ಲುಗಳಲ್ಲಿ ನಾಲ್ಕು ಅವರವು. 'ಕೆರಿಯಮ್ಮನನ್ನು ಖಾಯಂ ಮಾಡುವ ವಿಷಯ' ನಾಲ್ಕು ವರ್ಷದಿಂದ ಅವರ ಮುಂದೆ ಬರುತ್ತಿತ್ತು. ಪ್ರತಿ ಸಲವೂ ಅವರು ಗಡಿಯಾರ ನೋಡಿ "ಅದೊಂದು ಮುಂದಿನ ಸಭೆಗೆ ಇರಲಿ" ಎನ್ನುವರು. ನಾನು 'ಮುಂದಿನ ಸಭೆಗೆ' ಎಂದು ದುಂಡಗೆ ಬರೆಯುವೆ.

ಬುಧವಾರ ಸಂಜೆ ಕೆರಿಯಮ್ಮ ಸೋಪು, ಬ್ಲೇಡು ಹಿಡಿದು ಹೋದಾಗ, ಎಂದೂ ಯಾರಿಗೂ ಹೆದರದ ಗೌಡರು ಅವಳ ಕೈ ಹಿಡಿದುಕೊಂಡರಂತೆ.

"ಕೆರಿಯಮ್ಮ, ನಾ ಏಳ್ತೀನೇನೇ?"

"ಏಳ್ತೀರಿ ಗೌಡ್ರೆ. ಅಲ್ಲಾಡ್ಬೇಡಿ, ಕೈಯಲ್ಲಿ ಬ್ಲೇಡಿದೆ."

"ಎದ್ರೆ ಬರೋ ಸಭೇಲೇ ನಿನ್ನ ಖಾಯಂ ಮಾಡ್ತೀನಿ. ದೇವರಾಣೆ."

ಮರುದಿನ ಸರ್ಜನ್ನರು ಹರ್ನಿಯಾ ಎಂದು ಕೊಯ್ದರೆ ಒಳಗೆ ಕರುಳು ಸಿಕ್ಕಿಕೊಂಡು ಕಪ್ಪಾಗಿತ್ತು. ಒಂದು ಗೇಣು ಕತ್ತರಿಸಿ ಹೊಲಿದರು. "ಗಾಳಿ ಹೋಗೋ ತನಕ ನೀರೂ ಬೇಡ" ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದರು. ಅದೇ ಗುರುವಾರ ಇನ್ನೊಬ್ಬನಿಗೂ ಆಪರೇಷನ್ ಆಯಿತು, ಅಪೆಂಡಿಕ್ಸು. ಅವನು ಜಟ್ಟಪ್ಪ. ಗೌಡರ ಗದ್ದೆಯನ್ನು ಇಪ್ಪತ್ತು ವರ್ಷ ಗೇಣಿಗೆ ಮಾಡಿದವನು. ಉಳುವವನಿಗೇ ಭೂಮಿ ಎಂಬ ಕಾಯಿದೆ ಬಂದಾಗ ಅರ್ಜಿ ಕೊಟ್ಟು, ಟ್ರಿಬ್ಯುನಲ್ಲಿನಲ್ಲಿ ಗೆದ್ದು, ಆ ಮೂರು ಎಕರೆಯನ್ನು ತನ್ನದು ಮಾಡಿಕೊಂಡವನು. ಅಂದಿನಿಂದ ಗೌಡರು ಅವನ ಹೆಸರನ್ನು ಬಾಯಲ್ಲಿ ಎತ್ತಿರಲಿಲ್ಲ. ಈಗ ಇಬ್ಬರ ನಡುವೆ ಒಂದು ಹಲಗೆ. ನಮ್ಮ ಸ್ಪೆಷಲ್ ವಾರ್ಡ್ ಎಂದರೆ ಜನರಲ್ ವಾರ್ಡಿನ ಮೂಲೆಗೆ ಎದೆಮಟ್ಟ ಹಲಗೆ ಹೊಡೆದು ಪರದೆ ಬಿಟ್ಟದ್ದು. ಆಚೆ ಸೀನಿದರೆ ಈಚೆಗೆ ಹಾರುತ್ತಿತ್ತು.

ಶನಿವಾರ ಬೆಳಿಗ್ಗೆ ಅಧ್ಯಕ್ಷರನ್ನು ನೋಡಲು ನಾನು ಹೋಗಿದ್ದೆ. ಅವರ ಪಕ್ಕದಲ್ಲಿ ಹೆಂಡತಿ ವೆಂಕಮ್ಮ ಬೀಸಣಿಗೆ ಹಿಡಿದು ಕೂತಿದ್ದರು. ಕಮಿಟಿಯ ಸದಸ್ಯ ಗಿರಿಯಪ್ಪನೂ ಇದ್ದ. ಗೌಡರು ಕೆಮ್ಮಿದರೆ ತಾನೂ ಕೆಮ್ಮುವ ಜಾತಿಯ ಮನುಷ್ಯ. ಅಷ್ಟರಲ್ಲಿ ಆಚೆಯಿಂದ ಕೆರಿಯಮ್ಮನ ಕೂಗು:

"ಎಂಟನೇ ನಂಬರಿಗೆ ಆತು!"

ವಾರ್ಡಿಗೆ ವಾರ್ಡೇ ಗಲಗಲ ಎಂದಿತು. ಯಾರೋ, "ಏ ಜಟ್ಟಪ್ಪಣ್ಣ, ಮೂರೆಕರೆ ಬಂದಾಗ್ಲೂ ನೀ ಇಷ್ಟು ಸದ್ದು ಮಾಡ್ಲಿಲ್ವಲ್ಲೋ ಮಾರಾಯ!" ಎಂದರು. ಜಟ್ಟಪ್ಪ "ನಗಿಸ್ಬೇಡ್ರೋ, ಹೊಲಿಗೆ ಬಿಚ್ತದೆ" ಎಂದು ನರಳುತ್ತಲೇ ನಗುತ್ತಿದ್ದ. ಅವನ ಹೆಂಡತಿ, ಪಾಪ, ವಾರ್ಡಿನ ಪದ್ಧತಿ ಬಿಡಬಾರದೆಂದು ಪರದೆ ಸರಿಸಿ ಒಂದು ಚಿಟಿಕೆ ಸಕ್ಕರೆಯನ್ನು ಗೌಡರ ಮಂಚದ ಹತ್ತಿರವೂ ಹಿಡಿದಳು. ವೆಂಕಮ್ಮ ತೆಗೆದುಕೊಂಡರು. ಗೌಡರು ಮುಖ ಗೋಡೆಗೆ ತಿರುಗಿಸಿದರು. ಗೋಡೆಯ ಮೇಲೆ ಅವರದೇ ಹೆಸರಿನ ಕಲ್ಲಿತ್ತು.

ಗೋಡೆಗೆ ಮುಖ ಮಾಡಿಕೊಂಡೇ ಹೇಳಿದರು: "ನಮಗೂ ಬೆಳಗಿನ ಜಾವವೇ ಆಗಿತ್ತು. ಹೇಳ್ಕೊಳ್ಳೋ ವಿಷಯ ಅಲ್ಲ ಅಂತ ಸುಮ್ನಿದ್ದೆ."

"ಹಾಗ್ ಹೇಳಿ ಮತ್ತೆ!" ಎಂದು ಗಿರಿಯಪ್ಪ ಹಾರಿ ಎದ್ದ. ಹಲಗೆಯ ಮೇಲಿಂದ ತಲೆ ಹೊರಗೆ ಹಾಕಿ, ಚುನಾವಣೆಯ ಫಲಿತಾಂಶ ಸಾರುವವನಂತೆ, "ಗೌಡ್ರಿಗೂ ಆಗಿದೆ! ಜಟ್ಟಪ್ಪಂಗಿಂತ ಮೊದ್ಲೇ ಆಗಿದೆ!" ಎಂದು ಕೂಗಿದ. ನಾನು ಎದ್ದು ನಿಂತು ಅಧ್ಯಕ್ಷರಿಗೆ ಅಭಿನಂದನೆ ಸಲ್ಲಿಸಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಕೈಕುಲುಕಿದೆ ಕೂಡ.

ನರ್ಸು ಜಲಜಮ್ಮ ಬಂದು ಚೀಟಿಯಲ್ಲಿ ಬರೆದುಕೊಂಡರು. ಡ್ಯೂಟಿ ಡಾಕ್ಟರು ಎಳೆಯರು, ಅವರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ಗೌಡರ ಸಹಿಯ ಮೇಲಿತ್ತು. ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೆ ಒಂದು ಕ್ಷಣ ಮುಟ್ಟಿಸಿ, "ಸಾರ್ ಹೇಳಿದ ಮೇಲೆ ಆಯ್ತಲ್ಲ, ಗಂಜಿ ಶುರು ಮಾಡಿ" ಎಂದು ಹೊರಟರು. ಆ ಕಟ್ಟಡದಲ್ಲಿ ಅಧ್ಯಕ್ಷರ ಕರುಳು ಸುಳ್ಳು ಹೇಳುತ್ತಿದೆಯೆಂದು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಕೆರಿಯಮ್ಮ ಕೊನೆಗೆ ಬಂದಳು. ರೂಢಿಯಂತೆ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು.

"ಆಗಿದ್ದು ಹೌದಾ ಗೌಡ್ರೆ?"

"ಎಂತದೇ? ನನ್ನ ಮಾತಿನ ಮೇಲೂ ಅನುಮಾನವಾ? ನಿಮ್ಮ ಜಟ್ಟಪ್ಪನ ಮಾತು ಮಾತ್ರ ನಿಜವಾ?" ಎಂದರು ಗೌಡರು. ಅವಳೂ ಜಟ್ಟಪ್ಪನೂ ಒಂದೇ ಜಾತಿಯವರು. 'ನಿಮ್ಮ' ಎಂಬುದಕ್ಕೆ ಅಷ್ಟು ಭಾರವಿತ್ತು. ಆಮೇಲೆ ದನಿ ಇಳಿಸಿ, "ಬರೋ ತಿಂಗಳು ಹತ್ತನೇ ತಾರೀಖು ಸಭೆ. ನಂಗೆ ನೆನಪಿದೆ" ಎಂದರು. ಅವರು ಹೆದರಿಸಲಿಲ್ಲ, ನಿಜವಾಗಿಯೂ ನೆನಪಿತ್ತು.

ಕೆರಿಯಮ್ಮ ಕೈ ತೆಗೆದಳು.

ವೆಂಕಮ್ಮ ಮಾತ್ರ ಗಂಜಿಯ ಬಟ್ಟಲು ಹಿಡಿದುಕೊಂಡೇ ಕೂತಿದ್ದರು. ಡಾಕ್ಟರು ಹೇಳಿದ್ದೂ ಅವರಿಗೆ ಸಾಲದು, ನರ್ಸು ಬರೆದದ್ದೂ ಸಾಲದು. "ಕೆರಿಯಮ್ಮ, ಕೊಡ್ಲನೇ? ನೀ ಹೇಳಿದ್ರೆ ಕೊಡ್ತೀನಿ" ಎಂದರು.

ಆಚೆ ಇನ್ನೂ ನಗು ನಡೆದಿತ್ತು. ಕೆರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಕೊಡಿ ಅಮ್ಮ" ಎಂದಳು.

ಗೌಡರು ಒಂದು ಬಟ್ಟಲು ಗಂಜಿ ಕುಡಿದರು. ಜಟ್ಟಪ್ಪ ಎರಡು ಬಟ್ಟಲು ಕುಡಿದನೆಂದು ಗಿರಿಯಪ್ಪ ವರದಿ ತಂದ ಮೇಲೆ ಇನ್ನೂ ಎರಡು ಕುಡಿದರು. ಸಂಜೆಗೆ ಹೊಟ್ಟೆ ಉಬ್ಬಿತು. ಭಾನುವಾರ ಹಸಿರು ವಾಂತಿ. ಎಳೆಯ ಡಾಕ್ಟರು ಮೂಗಿನಲ್ಲಿ ನಳಿಕೆ ಇಳಿಸಿದರು, ಫೋನಿಗೆ ಓಡಿದರು. ಲೈನು ಸಿಗಲಿಲ್ಲ. ಸೋಮವಾರ ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಶಿವಮೊಗ್ಗಕ್ಕೆ ಹೊರಡಿಸಿದೆವು. ಮುಂದೆ ಗಿರಿಯಪ್ಪ, ಹಿಂದೆ ಕೆರಿಯಮ್ಮನ ತೊಡೆಯ ಮೇಲೆ ಗೌಡರ ತಲೆ, ಓರೆ ಮಾಡಿ ಹಿಡಿದದ್ದು. ದಾರಿಯಲ್ಲಿ ಆಯನೂರು ದಾಟುವುದರೊಳಗೆ ಮುಗಿಯಿತು.

ಹತ್ತನೇ ತಾರೀಖಿನ ಸಭೆ ತಾರೀಖು ತಪ್ಪದೆ ನಡೆಯಿತು. ಸಂತಾಪ ಸೂಚಕ ನಿರ್ಣಯವನ್ನು ನಾನು ಬರೆದೆ, ಒಂದೂವರೆ ಪುಟ. ಅದನ್ನು ಓದಿದವರಿಗೆ ಗೌಡರು ದೇಶಕ್ಕಾಗಿ ಪ್ರಾಣಬಿಟ್ಟರೆಂದೇ ಅನಿಸಬೇಕು. ಸಾವಿಗೆ ಕಾರಣ 'ಹೃದಯ ದೌರ್ಬಲ್ಯ' ಎಂದಾಯಿತು. ಗಿರಿಯಪ್ಪ ಅಧ್ಯಕ್ಷನಾದ. ಇಪ್ಪತ್ತನೇ ಕಲ್ಲಿಗೆ ಆರ್ಡರು ಹೋಯಿತು. ನಾಲ್ಕನೇ ವಿಷಯ, ಕೆರಿಯಮ್ಮನ ಖಾಯಂ, ಬಂದಾಗ ಅವನು ಗಡಿಯಾರ ನೋಡಿದ.

"ಗೌಡ್ರು ಹೋದ್ದು ಅವಳ ತೊಡೆ ಮೇಲೆ. ಕೈಗುಣ ಸರಿಯಿಲ್ಲ ಅಂತ ಜನ ಆಡ್ಕೋತಿದಾರೆ. ಸದ್ಯಕ್ಕೆ ಇರಲಿ ಬಿಡಿ ಮೇಷ್ಟ್ರೇ."

ನಾನು 'ಮುಂದಿನ ಸಭೆಗೆ' ಎಂದು ಬರೆದೆ. ಅಕ್ಷರ ಎಂದಿನಷ್ಟೇ ದುಂಡಗಿತ್ತು.

ಆಮೇಲೆ ಕೆರಿಯಮ್ಮ ವಾರ್ಡಿನಲ್ಲಿ ಕೂಗುವುದನ್ನು ನಿಲ್ಲಿಸಿದಳು. ಸಕ್ಕರೆ ಹಂಚುವುದೂ ನಿಂತಿತು. ಯಾರು "ಆತು" ಎಂದರೂ ನಂಬಳು. ಅಂಗೈ ಇಟ್ಟು ಕಾಲು ಗಂಟೆ ಕೂರುವಳು, ತೆಗೆದು ಮತ್ತೆ ಇಡುವಳು. ಒಪ್ಪಿಗೆಯಾದರೂ ಇನ್ನೂ ಅರ್ಧ ದಿನ ನೀರು ಕೊಡಗೊಡಳು. ಹಸಿದವರು ಬೈದರು, ಮನೆಯವರು ಜಗಳಕ್ಕೆ ಬಂದರು. ತೀರ್ಥಹಳ್ಳಿಯ ಒಬ್ಬ ಮೇಷ್ಟರು, ನನ್ನ ಜಾತಿಯ ಪ್ರಾಣಿಯೇ, ಆಪರೇಷನ್ನಿನ ಹಾಸಿಗೆಯಿಂದಲೇ ಮೂರು ಪುಟದ ದೂರು ಬರೆದರು. ಅಂಥ ದೂರುಗಳೆಲ್ಲ ನನ್ನ ಫೈಲಿನಲ್ಲಿ ಸೇರುತ್ತ ಹೋದವು. ಆ ಏಳು ವರ್ಷದಲ್ಲಿ ಗಂಜಿ ಕುಡಿದು ಸತ್ತವರು ನಮ್ಮಲ್ಲಿ ಒಬ್ಬರೂ ಇಲ್ಲ. ಅದಕ್ಕೆ ಫೈಲು ಇರಲಿಲ್ಲ.

ಎಂಬತ್ತೈದರಲ್ಲಿ ಕೆರಿಯಮ್ಮನ ಅಣ್ಣ ತನ್ನ ಮನೆಯಲ್ಲಿದ್ದ ಮೀನಾಕ್ಷಿಯನ್ನು ಯಾರಿಗೋ ಕೊಟ್ಟು ಮದುವೆ ಮಾಡಿದ. ಕೆರಿಯಮ್ಮನಿಗೆ ಕಾಗದ ಬಂದದ್ದು ಮದುವೆಯಾದ ಎಂಟು ದಿನಕ್ಕೆ. ಅದೇ ತಿಂಗಳು ಗಿರಿಯಪ್ಪ ದೂರುಗಳ ಫೈಲು ತರಿಸಿ, ಇನ್ನು ಬರುವುದು ಬೇಡವೆಂದು ಅವಳಿಗೆ ಹೇಳಿಕಳಿಸಿದ. ಬೀಳ್ಕೊಡುಗೆ ಮಾಡೋಣವೆಂದು ನಾನು ಸೂಚಿಸಿದೆ. ನೇಮಕವೇ ಆಗದವರನ್ನು ಬೀಳ್ಕೊಡುವುದು ಯಾವ ನಿಯಮದಲ್ಲಿದೆ ಎಂದು ಅವನು ಕೇಳಿದ. ನಿಯಮ ಇರಲಿಲ್ಲ, ನಾನೇ ಪುಸ್ತಕ ತೆರೆದು ನೋಡಿದೆ.

ಬಸ್‌ಸ್ಟ್ಯಾಂಡಿಗೆ ನಾನೊಬ್ಬನೇ ಹೋದೆ. ಲಾಂಚಿನ ಕಡವಿಗೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ಒಂದು ಟ್ರಂಕಿನ ಮೇಲೆ ಕೂತಿದ್ದಳು. ಏನಾದರೂ ಸಮಾಧಾನ ಹೇಳಬೇಕಲ್ಲ.

"ಗೌಡ್ರು ಬದುಕಿದ್ರೆ ನಿನ್ನ ಖಾಯಂ ಮಾಡ್ತಿದ್ರು ಕೆರಿಯಮ್ಮ" ಎಂದೆ.

ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ಹೊಟ್ಟೆ ಕಲ್ಲಾಗಿತ್ತು ಮೇಷ್ಟ್ರೇ ಅವತ್ತು. ಒಳಗೆ ಎಂತದೂ ಅಲ್ಲಾಡ್ತಿರ್ಲಿಲ್ಲ. ಈ ಕೈಗೆ ಗೊತ್ತಿತ್ತು. ಬಾಯಿಗೆ ಆ ಕೋಣೆ ಬೇಕಾಗಿತ್ತು."

"ಡಾಕ್ಟ್ರೇ ಕೊಡಿ ಅಂದಿದ್ರಲ್ಲ. ನರ್ಸಮ್ಮ ಬರೆದಿದ್ರಲ್ಲ. ನಾವೆಲ್ಲ ಇದ್ವಲ್ಲ" ಎಂದೆ.

"ವೆಂಕಮ್ಮ ನಿಮ್ಮನ್ನ ಕೇಳ್ಲಿಲ್ಲ" ಎಂದಳು ಕೆರಿಯಮ್ಮ. "ನನ್ನ ಕೇಳಿದ್ರು."

ಬಸ್ಸು ಬಂತು. ಟ್ರಂಕನ್ನು ನಾನು ಎತ್ತಿಕೊಡಲು ಹೋದೆ. ಅವಳೇ ಎತ್ತಿಕೊಂಡು ಹತ್ತಿದಳು. ಕಿಟಕಿಯ ಹತ್ತಿರ ಜಾಗ ಸಿಗಲಿಲ್ಲ, ನಿಂತೇ ಹೋದಳು.

ಮುಂದಿನ ಸಭೆಯಲ್ಲಿ ನಾಲ್ಕನೇ ವಿಷಯವನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ತೆಗೆಯಲು ನಿರ್ಣಯ ಬೇಕು, ನಿರ್ಣಯಕ್ಕೆ ಕೋರಂ ಬೇಕು. ಅಂದು ಕೋರಂ ಆಗಲಿಲ್ಲ. ಹಾಗಾಗಿ ನಮ್ಮ ಪುಸ್ತಕದಲ್ಲಿ ಅವಳ ವಿಷಯ ಈಗಲೂ ಹಾಗೇ ಇದೆ, ಮುಂದಿನ ಸಭೆಗೆ ಎಂದು.