ಬಾಗಿಲಾಚೆಯಿಂದ ಬಂದ ಉತ್ತರ

ಇದು ನಡೆದದ್ದು. ನಂಬಿ ಎಂದು ಯಾರನ್ನೂ ಬೇಡುವುದಿಲ್ಲ. ನನ್ನನ್ನೇ ನಾನು ನಂಬದೆ ಕೆಟ್ಟವಳು, ನಿಮಗೆ ಯಾವ ಬಾಯಲ್ಲಿ ನಂಬಿ ಎನ್ನಲಿ? ಆದರೆ ಆ ರಾತ್ರಿ ಲಕ್ಕೂರಿನ ನಮ್ಮ ಮನೆಯಲ್ಲಿ ಎಚ್ಚರವಾಗಿದ್ದವಳು ನಾನು. ಕೇಳಿದ್ದನ್ನು ಇದ್ದಂತೆ ಹೇಳುತ್ತೇನೆ.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ರೇಷ್ಮೆಗೂಡಿಗೆ ಮಾತ್ರ ಒಳ್ಳೆಯ ಬೆಲೆಯಿತ್ತು. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾನು ತಮ್ಮ ಮುನಿಯಪ್ಪನ ಮನೆಯಲ್ಲಿ ಹುಳ ಸಾಕುವ ಕೆಲಸ ನೋಡಿಕೊಳ್ಳುತ್ತಿದ್ದೆ. ಅವನ ಹೆಂಡತಿ ಪಾಪಮ್ಮ ಮುಳಬಾಗಿಲ ಕಡೆಯವಳು, ತೆಲುಗು ಮನೆಯ ಹುಡುಗಿ. ಗಂಡನ ಅಕ್ಕನನ್ನು ಅವರ ಕಡೆ ಕರೆಯುವಂತೆ ನನ್ನನ್ನು ಬಾಯ್ತುಂಬ ‘ವದಿನಾ’ ಎನ್ನುತ್ತಿದ್ದಳು.

ಅವಳಿಗೆ ಎರಡು ಬಸಿರು ನಿಲ್ಲಲಿಲ್ಲ. ಮುಂಡೆಯ ಮುಖ ನೋಡಿ ಏಳುವ ಮನೆಯಲ್ಲಿ ಮಗು ಹೇಗೆ ನಿಂತೀತು ಎಂದು ಬೀದಿಯ ಹೆಂಗಸರು ನನಗೆ ಕೇಳುವ ಹಾಗೆಯೇ ಆಡಿಕೊಂಡರು. ಕೇಳಿ ಕೇಳಿ ನಾನೂ ಹೌದೇನೋ ಅಂದುಕೊಂಡೆ.

ಆ ದಿನಗಳಲ್ಲೇ ಶ್ರೀನಿವಾಸಪುರದ ಕಡೆಯಿಂದ ಗುರುವಮ್ಮ ಬರತೊಡಗಿದ್ದು. ಅವಳೂ ಗಂಡ ಸತ್ತವಳು. ಏಕತಾರಿ ಮೀಟಿಕೊಂಡು ತೆಲುಗು ತತ್ವ ಹಾಡುತ್ತಿದ್ದಳು, ಕೇಳಿದವರಿಗೆ ಬೋಧೆ ಕೊಡುತ್ತಿದ್ದಳು. ನನಗೂ ಕೊಟ್ಟಳು.

“ರಾತ್ರಿ ಹೊತ್ತು ಹೆಬ್ಬೆಟ್ಟಲ್ಲಿ ಎರಡೂ ಕಿವಿ ಮುಚ್ಕೊಂಡು ಕೂತ್ಕೋಮ್ಮ. ಮೊದ್ಲು ದುಂಬಿ ಸದ್ದು ಬರ್ತೈತೆ. ಆಮೇಲೆ ನಿನ್ನೊಳಗಿರೋದು ಮಾತಾಡ್ತೈತೆ. ಅದು ಸುಳ್ಳು ಹೇಳಲ್ಲ. ಊರೋರ ಮಾತು ಬಿಡು, ಅದನ್ನ ನಂಬು.”

ವರ್ಷ ಕಳೆದರೂ ದುಂಬಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ನನ್ನೊಳಗೆ ಇರುವುದಕ್ಕೂ ನನ್ನ ಹಾಗೆಯೇ ಬಾಯಿಲ್ಲವೇನೋ ಎಂದು ಒಬ್ಬಳೇ ನಗುತ್ತಿದ್ದೆ.

ಪಾಪಮ್ಮನ ಮೂರನೇ ಬಸಿರು ಎಂಟು ತಿಂಗಳಿಗೆ ಬಂದಿತ್ತು. ಹುಳಗಳು ಕೊನೆಯ ಪೊರೆ ಕಳಚಿ ಹಗಲು ರಾತ್ರಿ ತಿನ್ನುತ್ತಿದ್ದವು. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಸಾಲದೆ ತಮ್ಮ ವಕ್ಕಲೇರಿಗೆ ಗಾಡಿ ಕಟ್ಟಿದ. ಹೊರಡುವಾಗ ನೆಲ ನೋಡುತ್ತ ಹೇಳಿದ.

“ಅಕ್ಕಾ, ಬೆಳಿಗ್ಗೆ ಹೊತ್ಗೆ ಬಂದ್ಬಿಡ್ತೀನಿ. ನೀನು ಹುಳದ ಮನೆ ಬಿಟ್ಟು ಬರ್ಬೇಡ. ಅವಳ ಕೋಣೆಗಂತೂ... ಹೋಗ್ಲೇಬೇಡ. ಇದೊಂದಾದ್ರೂ ನಿಂತ್ಕೊಳ್ಲಿ.”

“ಏನಾದ್ರೂ ಆದ್ರೇನೋ?”

“ಇನ್ನೂ ತಿಂಗಳು ಐತಲ್ಲಕ್ಕ.”

ರಾತ್ರಿ ಪಾಪಮ್ಮ ಅರ್ಧ ಮುದ್ದೆ ಉಂಡು ಎದ್ದಳು. “ವದಿನಾ, ಸೊಂಟ ಯಾಕೋ ಹಿಡ್ಕೊಂಡಂಗೈತೆ,” ಎಂದಳು. “ಮಲ್ಕೊಳೇ, ಸರಿಹೋಗ್ತೈತೆ,” ಎಂದೆ. ಅವಳು ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡಳು. ನಾನು ತಲೆಗೆ ನೀರು ಹಾಕಿಕೊಂಡು ಹಿತ್ತಲಿನ ಹುಳದ ಮನೆಗೆ ಹೋದೆ. ಮೈಲಿಗೆ ತಾಗಿದರೆ ಹುಳ ಉಳಿಯುವುದಿಲ್ಲ ಎಂಬ ಭಯ ನಮಗೆ.

ಹರಳೆಣ್ಣೆ ದೀಪ. ಹಸಿ ಸೊಪ್ಪಿನ ವಾಸನೆ. ಸಾವಿರಾರು ಹುಳ ಒಟ್ಟಿಗೆ ತಿನ್ನುವ ಸದ್ದು ಹೆಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದಂತಿರುತ್ತದೆ. ಆ ಸದ್ದಿನ ನಡುವೆ ಬೇರೆ ಏನೂ ಕೇಳುವುದಿಲ್ಲ. ನಡುರಾತ್ರಿಯ ಸೊಪ್ಪು ಹಾಕಿ ಮುಗಿಸಿ, ಗೋಡೆಗೊರಗಿ ಕಿವಿ ಮುಚ್ಚಿಕೊಂಡು ಕೂತೆ.

ದುಂಬಿ ಸದ್ದು ಬಂತು. ಅದು ಸಣ್ಣಗಾಯಿತು... ಇನ್ನೂ ಸಣ್ಣಗಾಯಿತು... ನಿಂತೇ ಹೋಯಿತು.

“ಎದ್ದೇಳು. ಪಾಪಮ್ಮನ ಹತ್ರ ಹೋಗು.”

ನನ್ನದೇ ದನಿ. ಆದರೆ ನಾನು ಎಂದೂ ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ.

ಬೆಚ್ಚಿ ಕಿವಿಯಿಂದ ಕೈ ತೆಗೆದೆ. ಹುಳ ತಿನ್ನುವ ಆ ಮಳೆಯಂಥ ಸದ್ದಿಲ್ಲ! ದೀಪ ಎತ್ತಿ ನೋಡಿದೆ. ತಟ್ಟೆಗಳಲ್ಲಿ ಸೊಪ್ಪು ಹಾಗೇ ಇತ್ತು. ಒಂದು ಹುಳವೂ ತಿನ್ನುತ್ತಿರಲಿಲ್ಲ. ಎಲ್ಲವೂ ತಲೆ ಎತ್ತಿ ನಿಂತಿದ್ದವು, ಎಲ್ಲವೂ ಮನೆಯ ಕಡೆಗೆ...

ಹಿತ್ತಲು ದಾಟುವಾಗಲೇ ವಾಸನೆ ಬಡಿಯಿತು. ಹಸಿ ಬಾಣಂತಿಯ ಕೋಣೆಯ ವಾಸನೆ, ಸಾಂಬ್ರಾಣಿ ಹೊಗೆ, ಬಜೆ. ಆದರೆ ನಮ್ಮ ಮನೆಯಲ್ಲಿ ಯಾರೂ ಸಾಂಬ್ರಾಣಿ ಹಾಕಿರಲಿಲ್ಲ. ಹಾಕುವವರಾದರೂ ಯಾರಿದ್ದರು?

ಕೋಣೆಯ ಬಾಗಿಲ ಮೇಲೆ ಕೈಯಿಟ್ಟೆ. ತಮ್ಮ ಹೇಳಿದ್ದು ನೆನಪಾಯಿತು. ಕೈ ಅಲ್ಲೇ ನಿಂತಿತು.

“ಪಾಪಮ್ಮಾ... ಹೆಂಗಿದ್ದೀಯೇ?”

ಒಳಗೆ ಬಳೆ ಸದ್ದಾಯಿತು. ಆಮೇಲೆ ಬಾಗಿಲಿಗೆ ಬಾಯಿಟ್ಟು ಹೇಳಿದ ಹಾಗೆ, ತೀರಾ ಹತ್ತಿರದಿಂದ...

“ಚೆನ್ನಾಗಿದ್ದೀನಿ ಅಕ್ಕಾ. ನೀನು ಹೋಗಿ ಹುಳ ನೋಡ್ಕೋ.”

ಅಕ್ಕಾ! ಪಾಪಮ್ಮ ಒಂದು ದಿನವೂ ನನ್ನನ್ನು ಅಕ್ಕ ಎಂದವಳಲ್ಲ. ನನಗದು ಆ ಕ್ಷಣವೇ ತಿಳಿಯಿತು. ಆಮೇಲೆ ಹೊಳೆದದ್ದು ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಇದು ಅವಳಲ್ಲ, ತಳ್ಳು ಬಾಗಿಲು ಎಂದು ಒಳಗಿನ ದನಿ ಕೂಗುತ್ತಿತ್ತು. ಬಾಗಿಲಿಗೆ ಅಗಳಿಯೂ ಇರಲಿಲ್ಲ, ಒಂದು ಬೆರಳು ಸಾಕಿತ್ತು.

ನಾನು ತಳ್ಳಲಿಲ್ಲ. ನನ್ನ ಮುಖ ಬಿದ್ದು ಈ ಮಗುವೂ ಹೋದರೆ? ನನ್ನಂಥವಳ ಒಳಗೆ ಒಳ್ಳೆಯ ಮಾತು ಎಲ್ಲಿಂದ ಹುಟ್ಟೀತು? ಹೀಗೆಲ್ಲ ಯೋಚಿಸಿ ಹಿಂದಿರುಗಿದೆ. ಹುಳದ ಮನೆಯ ಹೊಸ್ತಿಲು ದಾಟಿದ್ದೇ ತಡ, ಹುಳಗಳೆಲ್ಲ ಒಮ್ಮೆಗೇ ತಿನ್ನತೊಡಗಿದವು. ಸದ್ಯ, ಎಲ್ಲ ಸರಿಯಾಯಿತು ಎಂದು ಉಸಿರುಬಿಟ್ಟೆ.

ಆದರೂ ಮನಸ್ಸು ತಡೆಯಲಿಲ್ಲ. ಒಳಗಿನದನ್ನೇ ಇನ್ನೊಮ್ಮೆ ಕೇಳೋಣ, ಎರಡನೇ ಸಲವೂ ಹೋಗು ಎಂದರೆ ಹೋಗಿಯೇಬಿಡೋಣ ಎಂದು ಮತ್ತೆ ಕಿವಿ ಮುಚ್ಚಿ ಕೂತೆ. ಹೆಬ್ಬೆಟ್ಟು ನೋಯುವಷ್ಟು ಒತ್ತಿ ಮುಚ್ಚಿದೆ. ದುಂಬಿ ಸದ್ದು ಬಿಟ್ಟು ಏನೂ ಬರಲಿಲ್ಲ. ಬೆಳಗಿನ ಜಾವದವರೆಗೂ ಹಾಗೇ ಕೂತಿದ್ದೆ.

ಮೂಡಲು ಕೆಂಪಾಗುವ ಹೊತ್ತಿಗೆ ಗಾಡಿ ಬಂತು. ತಮ್ಮ ಕೋಣೆಯ ಬಾಗಿಲು ತಳ್ಳಿದ. ಅವನು ಕಿರುಚಲಿಲ್ಲ, ಹಸುವಿನಂತೆ ಒಂದು ಸದ್ದು ಮಾಡಿ ಅಲ್ಲೇ ಕುಸಿದ.

ಸೂಲಗಿತ್ತಿ ಗಂಗಮ್ಮ ಓಡಿ ಬಂದಳು. ಪಾಪಮ್ಮನ ಮೈ ಮುಟ್ಟಿ ತಲೆಯಾಡಿಸಿದಳು. “ರಕ್ತ ಎಲ್ಲಾ ಹೋಗ್ಬಿಟ್ಟೈತೆ. ಇವಳು ತೀರ್ಕೊಂಡು ಬಲು ಹೊತ್ತಾಯ್ತು, ಮೈ ಕೊರಡಾಗೈತೆ. ನಡುರಾತ್ರಿಗೆ ಮುಂಚೇನೇ ಹೋಗವ್ಳೆ.”

ಆಮೇಲೆ ಸೀರೆಯ ಮಡಿಕೆ ಸರಿಸಿ ಕೂಸನ್ನು ಎತ್ತಿದಳು. ಗಂಡು. ಉಸಿರಿಲ್ಲದ ಅದನ್ನು ನನ್ನ ಕೈಗೆ ಕೊಟ್ಟಳು. ಅದು ಇನ್ನೂ ಬೆಚ್ಚಗಿತ್ತು.

ಪಕ್ಕದ ಮನೆಯ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳು. “ಕೋಳಿ ಕೂಗೋವರ್ಗೂ ಮಗು ಅಳ್ತಿತ್ತಲ್ಲೇ! ಬಲು ಹೊತ್ತು ಅಳ್ತು. ನೀನಿದ್ದೀಯಲ್ಲ, ಎತ್ಕೋತೀಯ ಅಂತ ನಾನು ಮಗ್ಗುಲಾಗಿ ಮಲ್ಕೊಂಡೆ...”

ಆ ಹೊತ್ತಿಗೆ ನಾನು ಏನು ಮಾಡುತ್ತ ಕೂತಿದ್ದೆ ಎಂದು ಯಾರಿಗೂ ಹೇಳಲಿಲ್ಲ. ತಮ್ಮ ಕೇಳಲೂ ಇಲ್ಲ. ಅಕ್ಕ ತನ್ನ ಮಾತು ನಡೆಸಿಕೊಟ್ಟಳು ಎಂದೇ ಅವನು ಕೊನೆಯವರೆಗೂ ತಿಳಿದಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹುಣ್ಣಿಮೆಗೆ ಗುರುವಮ್ಮ ಬಂದಾಗ ಅವಳೊಬ್ಬಳಿಗೆ ಎಲ್ಲ ಹೇಳಿದೆ.

“ಒಳಗಿಂದು ಹೇಳ್ತಲ್ಲಮ್ಮ... ನಿನ್ನ ನೀನು ನಂಬಬೇಕಾಗಿತ್ತು.”

“ಹಂಗಾದ್ರೆ ಬಾಗಿಲ ಆಚೆ ಮಾತಾಡಿದ್ದು ಯಾರು?”

ಅವಳು ನನ್ನ ಮುಖವನ್ನೇ ನೋಡಿದಳು. ಏಕತಾರಿ ಎತ್ತಿಕೊಂಡು, ನೀರೂ ಕುಡಿಯದೆ ಎದ್ದು ಹೋದಳು. ಮತ್ತೆ ನಮ್ಮೂರಿಗೆ ಬರಲೇ ಇಲ್ಲ.

ಎಷ್ಟೋ ವರ್ಷಗಳಾದವು. ನನ್ನ ಒಳಗಿನದು ಆಮೇಲೆ ಒಂದು ಸಲವೂ ಮಾತಾಡಿಲ್ಲ. ಇವಳಿಗೆ ಹೇಳಿ ಏನು ಪ್ರಯೋಜನ ಎಂದು ಅದಕ್ಕೂ ಗೊತ್ತಾಗಿರಬೇಕು.